ಹುಳುಮನೆಯಲ್ಲಿ ಆಡಿದ ಮಾತು

ಮೇಲೂರು
೨೩ ಅಕ್ಟೋಬರ್ ೨೦೨೪

ನನ್ನ ಮುದ್ದು ಹರಿಣಿಗೆ,

ಅಮ್ಮನ ಆಶೀರ್ವಾದ. ಫೋನಿರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನಿನ ಮುಂದೆ ಮಾತಾಡಲು ಈಗ ಹೆದರಿಕೆ. ನಿನ್ನ ಮೆಸೇಜುಗಳಿಗೆ ಉತ್ತರ ತಡವಾಗಿದ್ದೂ ಅದಕ್ಕೇ, ಬೇಸರ ಮಾಡಿಕೊಳ್ಳಬೇಡ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಹಿಪ್ಪುನೇರಳೆ ಚೆನ್ನಾಗಿ ಚಿಗುರಿದೆ. ಮಗಳು ಯೂನಿವರ್ಸಿಟಿಯಲ್ಲಿ ಏನು ಓದುತ್ತಾಳೆ ಎಂದು ಕೇಳಿದವರಿಗೆಲ್ಲ, ವಿಜ್ಞಾನ, ಯಂತ್ರ ಬಂದರೆ ಜನ ಹೇಗೆ ಬದಲಾಗುತ್ತಾರೆ ಅನ್ನುವುದನ್ನು ಓದುತ್ತಾಳೆ ಎಂದು ಜಂಬದಿಂದ ಹೇಳುತ್ತಿದ್ದೆ. ಈಗ ಯಾರೂ ಕೇಳುವುದಿಲ್ಲ.

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನೀನು ಸೆಮಿನಾರ್ ಕೊಟ್ಟೆಯಲ್ಲ, ಪಕ್ಕದ ಮನೆ ಮಾಲಾ ಅಲ್ಲಿದ್ದಳು. ನನ್ನ ಹೆಸರು ಬದಲಾಯಿಸಿದ್ದೆಯಂತೆ, ದನಿ ಬದಲಾಯಿಸಿರಲಿಲ್ಲ. ಮುಟ್ಟಾದಾಗಲೂ ಯಾರಿಗೂ ಹೇಳದೆ ರೇಷ್ಮೆ ಹುಳುಮನೆಗೆ ಹೋಗಿ ಸೊಪ್ಪು ಹಾಕುತ್ತಿದ್ದೆ, ಒಂದು ಬೆಳೆಯೂ ಕೆಡಲಿಲ್ಲ ಎಂದು ನಾನು ನಿನ್ನ ಹತ್ತಿರ ಹೇಳಿ ನಕ್ಕಿದ್ದನ್ನು ಫೋನಿನಲ್ಲಿ ಹಿಡಿದಿಟ್ಟು ಸಭೆಗೆಲ್ಲ ಕೇಳಿಸಿದೆ. ಚಪ್ಪಾಳೆ ಜೋರಾಗಿ ಬಿತ್ತಂತೆ.

ಆ ಮಾತು ಊರು ಸೇರುವುದಕ್ಕೂ ನಮ್ಮ ಹುಳುವಿಗೆ ಹಾಲುತೊಂಡೆ ರೋಗ ಬರುವುದಕ್ಕೂ ಸರಿಹೋಯಿತು. ಮಳೆಯ ತೇವಕ್ಕೆ ಬಂದದ್ದು ಎಂದು ನಿಮ್ಮಪ್ಪ ಎಷ್ಟು ಹೇಳಿದರೂ ನಿಮ್ಮಜ್ಜಿ ಒಪ್ಪಲಿಲ್ಲ. ಕೂಗಾಡಲೂ ಇಲ್ಲ.

"ಇಷ್ಟು ವರ್ಷ ನನ್ ಕಣ್ಣಿಗೆ ಮಣ್ಣೆರಚಿದ್ಯಲ್ಲಮ್ಮ ಶೈಲಜಾ. ಇನ್ಮೇಲೆ ಹುಳುಮನೆ ಹೊಸ್ಲು ತುಳೀಬೇಡ," ಅಂದರು.

ನಿನಗೆ ಗೊತ್ತು, ಯಾರ ಮನೆಯ ಹುಳು ಹಣ್ಣಾದರೂ ಕೇರಿಯ ಹೆಂಗಸರೆಲ್ಲ ಸೇರಿ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತೇವೆ. ನಗು, ಹರಟೆ, ಅತ್ತೆಯರ ದೂರು, ಎಲ್ಲ ಅಲ್ಲೇ. ಮೊನ್ನೆ ಮಾಲಾ ಮನೆಯ ಹುಳು ಹಣ್ಣಾಯಿತು. ನಾನು ಕೈಕಾಲು ತೊಳೆದು ಜಗಲಿಯಲ್ಲಿ ಕಾದೆ. ನಮ್ಮದೊಂದು ಬಾಗಿಲು ಬಿಟ್ಟು ಎಲ್ಲರನ್ನೂ ಕರೆದರು. ನನಗೆ ಅವಮಾನವಾಯಿತು ಕಣಮ್ಮ, ಅತ್ತುಬಿಟ್ಟೆ.

ಮೂಢನಂಬಿಕೆ ಹೋಗಬೇಕು ಅಂದೆಯಂತೆ. ಸುಳ್ಳಲ್ಲ. ಆದರೆ ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ಕೇಳಿದ್ದೆ, ನೀನು ಹೆತ್ತವಳನ್ನೇ ತಳ್ಳಿ ನೋಡಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಓದು ಚೆನ್ನಾಗಿ ಮುಗಿಯಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಮ್ಮ,
ಶೈಲಜಾ

ಇನ್ನೊಂದು ಮಾತು: ಅವತ್ತು ಸೊಪ್ಪಿನ ಬುಟ್ಟಿಯ ಪಕ್ಕ ಕೂತು "ಆಮೇಲೇನಾಯ್ತಮ್ಮ?" ಎಂದು ಮತ್ತೆ ಮತ್ತೆ ಕೇಳಿದೆ. ಈ ಮನೆಗೆ ಬಂದ ಮೇಲೆ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಕೇಳುತ್ತಿರುವುದು ಮಗಳು ಅಂದುಕೊಂಡು ಎಲ್ಲ ಹೇಳಿದೆ. ಒದ್ದೆ ಗೋಣಿಯ ಮೇಲಿದೆಯಲ್ಲ, ಕೆಟ್ಟೀತು ಎಂದು ನಿನ್ನ ಫೋನನ್ನು ನಾನೇ ಸೆರಗಿನಲ್ಲಿ ಒರೆಸಿ ಮಡಿಲಲ್ಲಿಟ್ಟುಕೊಂಡಿದ್ದೆ.