ಹಸಿರು ಬೆನ್ನಿನ ನಾಯಿಗೆ ಸೂಜಿ ಚುಚ್ಚಿದವರು ಯಾರು?

ನಾಯಿಗಳ ಆರೋಗ್ಯನಿಧಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಲೆಕ್ಕದಲ್ಲಿ ರೇಬೀಸ್ ಲಸಿಕೆ ಹಾಕಿಸಿಕೊಂಡು ಸುಖವಾಗಿರುವ ನಾಯಿಯೊಂದು ಕಳೆದ ವಾರ ರೇಬೀಸ್ ಬಂದು ಸತ್ತಿತು. ಸಾಯುವ ಮೊದಲು ನನ್ನ ಅಕ್ಕನ ಕೈ ಕಚ್ಚಿತು, ಬೀದಿಯ ಬೇರೆ ನಾಯಿಗಳ ಮೇಲೂ ಎರಗಿತು. ಅದಕ್ಕೆ ನಿಮ್ಮವರು ಲಸಿಕೆ ಹಾಕಿರಲೇ ಇಲ್ಲ. ಉಳಿದ ನಾಯಿಗಳಿಗಾದರೂ ಬೇಗ ಬಂದು ಹಾಕಿ ಎಂದು ಕೇಳಿಕೊಂಡರೆ, ನಮ್ಮ ಬೀದಿಯ ಕೆಲಸ ಮುಗಿದಿದೆ, ಇನ್ನು ಮುಂದಿನ ವರ್ಷ ಎನ್ನುತ್ತಿದೆ ನಿಮ್ಮ ಕಚೇರಿ. ಖಾಸಗಿಯಾಗಿ ಹೇಳಿ ನೋಡಿದೆ, ಕೇಳುವವರಿರಲಿಲ್ಲ. ಅದಕ್ಕೇ ಈಗ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ.

ನಾನು ಯಾರೆಂದು ನಿಮಗೆ ನೆನಪಿರಬಹುದು. ನಿಮ್ಮ ಕಚೇರಿಗೆ ಬಣ್ಣ ಬಳಿದ ಪೇಂಟರ್. ಗೋಡೆಯ ಮೂಲೆಯಲ್ಲಿ ನಾನು ಹಚ್ಚಿ ತೋರಿಸಿದ ಹಸಿರನ್ನು ನೋಡಿ ನೀವು ತಲೆ ಅಲ್ಲಾಡಿಸಿ, "ಚೆನ್ನಾಗಿದೆ, ಆದ್ರೆ ಇದ್ರಲ್ಲಿ ಕರುಣೆ ಕಾಣ್ತಿಲ್ಲ" ಅಂದಿರಿ. ಮೂವತ್ತು ವರ್ಷದಿಂದ ಬಣ್ಣ ಕಲಸುತ್ತಿದ್ದೇನೆ, ಕರುಣೆಯ ಡಬ್ಬಿ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ. ಆದರೂ ಒಂದಿಷ್ಟು ಹಳದಿ ಬಿಟ್ಟು, ಒಂದಿಷ್ಟು ಬಿಳಿ ಬಿಟ್ಟು, ನಿಮಗೆ ಕರುಣೆ ಕಾಣುವವರೆಗೂ ಕಲಸಿದೆ. ಅದೇ ಹಸಿರು ಆಮೇಲೆ ನಿಮ್ಮ ವ್ಯಾನಿಗೆ ಬಂತು, ನಿಮ್ಮ ಹುಡುಗರ ಕೋಟಿಗೆ ಬಂತು, ಅಂಗಡಿ ಅಂಗಡಿಗಳಲ್ಲಿ ಇಟ್ಟ ಕಾಣಿಕೆ ಡಬ್ಬಿಗೆ ಬಂತು. ಕೊನೆಗೆ, ಲಸಿಕೆ ಹಾಕಿದ ನಾಯಿಯ ಬೆನ್ನಿಗೆ ಬಳಿಯುವ ಗುರುತಿಗೂ ಅದೇ ಬಂತು. ಎಲ್ಲ ಕಡೆಯೂ ನಮ್ಮ ಹಸಿರೇ ಕಾಣಬೇಕು, ದಾನಿಗಳಿಗೆ ಇಷ್ಟವಾಗುತ್ತದೆ ಎಂದಿರಿ. ಆಗ ನನಗೂ ಹೆಮ್ಮೆಯೇ ಆಗಿತ್ತು.

ಆ ದಿನಗಳಲ್ಲಿ ನನ್ನ ಏಣಿಯ ಕೆಳಗೆ ಒಂದು ಕಂದು ನಾಯಿ ಕೂತಿರುತ್ತಿತ್ತಲ್ಲ, ಸತ್ತದ್ದು ಅದೇ. ನಮ್ಮ ಬೀದಿಯದು. ನಾನು ಎಲ್ಲಿ ಕೆಲಸಕ್ಕೆ ಹೋದರೂ ಹಿಂದೆಯೇ ಬಂದು, ಏಣಿಯ ಬುಡದಲ್ಲಿ ಕೂತು, ಕತ್ತೆತ್ತಿ ನನ್ನ ಕುಂಚವನ್ನೇ ನೋಡುತ್ತಿತ್ತು. ಕೈ ನಿಂತರೆ ಒಂದು ಸಲ ಬೊಗಳುವುದು. ಅದಕ್ಕೇ ಅದಕ್ಕೆ ಸೂಪರ್‌ವೈಸರ್ ಎಂದು ಹೆಸರಿಟ್ಟಿದ್ದೆವು. ನೀವೇ ಅದರ ತಲೆ ಸವರಿ, ಹೊಸ ಗೋಡೆಯ ಮುಂದೆ ಜೊತೆಗೆ ಕೂರಿಸಿಕೊಂಡು ಫೋಟೊ ತೆಗೆಸಿಕೊಂಡಿರಿ. ಅಷ್ಟು ಹೊತ್ತಿಗೆ ನಿಮ್ಮ ಕಿಟಕಿಯ ಸಜ್ಜದಿಂದ ತೊಟ್ಟಿಕ್ಕಿದ ಹಸಿರು ಅದರ ಬೆನ್ನಿನ ಮೇಲೆ ಅಂಗೈಯಗಲ ಒಣಗಿತ್ತು. ಪೇಂಟರ್ ಜೊತೆಗಿರುವ ನಾಯಿಗೆ ಬಣ್ಣ ತಗುಲುವುದು, ಅಡುಗೆ ಮಾಡುವವರ ಬಟ್ಟೆಗೆ ಎಣ್ಣೆ ತಗುಲಿದಷ್ಟೇ ಸಹಜ. ನೀವೂ ನಕ್ಕಿರಿ, ನಾನೂ ನಕ್ಕೆ.

ಆಮೇಲೆ ನಿಮ್ಮ ಲಸಿಕೆ ತಂಡ ನಮ್ಮ ಬೀದಿಗೆ ಬಂತು. ನಾನು ಕೆಲಸಕ್ಕೆ ಹೋಗಿದ್ದೆ, ಸೂಪರ್‌ವೈಸರ್ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಮನೆ ಮುಂದೆ ಮಲಗಿತ್ತು. ಬಾಗಿಲಲ್ಲಿ ಇದ್ದವಳು ಅಕ್ಕ.

"ಇವನಿಗೂ ಹಾಕಿ ಹೋಗ್ರಪ್ಪ" ಎಂದಳಂತೆ.

"ಇದಕ್ಕೆ ಆಗಿದೆ ಅಮ್ಮಾ, ಬೆನ್ನು ನೋಡಿ."

"ಯಾವಾಗ ಆಯ್ತು? ನೀವು ಈಗ ತಾನೆ ಬಂದ್ರಲ್ಲ?"

"ಬೇರೆ ತಂಡದೋರು ಹಾಕಿರ್ತಾರೆ. ಗುರುತಿರೋದಕ್ಕೆ ಮತ್ತೆ ಹಾಕಿದ್ರೆ ಆಫೀಸಲ್ಲಿ ನಮ್ಮನ್ನ ಬೈತಾರೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಿಮ್ಮ ಹುಡುಗರು ಬೆನ್ನಿನ ಫೋಟೊ ತೆಗೆದುಕೊಂಡು ಮುಂದೆ ಹೋದರು. ಅಕ್ಕ ನಂಬಿದಳು. ಯಾಕೆ ನಂಬಬಾರದು? ಅವಳು ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುತ್ತಾಳೆ. ಮನೆಗೆ ಬರುವ ದಾರಿಯಲ್ಲಿ ಬ್ರೆಡ್ ಅಂಗಡಿಯಲ್ಲಿಟ್ಟ ನಿಮ್ಮ ಡಬ್ಬಿಗೆ ಚಿಲ್ಲರೆ ಹಾಕದೆ ಬಂದವಳಲ್ಲ. ನಿಮ್ಮ ದಾನಿಗಳ ಫಲಕದಲ್ಲಿ ಅವಳ ಹೆಸರಿಲ್ಲ, ಡಬ್ಬಿಗೆ ಹಾಕುವವರಿಗೆ ಹೆಸರಿರುವುದಿಲ್ಲ. ತಾನು ಹಾಕಿದ್ದರಲ್ಲೇ ಒಂದು ಸೂಜಿ ತನ್ನ ಮನೆ ಬಾಗಿಲಿಗೆ ಬಂದಿದೆ ಎಂದುಕೊಂಡು ಅವಳು ಅವತ್ತು ಸಂತೋಷಪಟ್ಟಿದ್ದಳು.

ಸೂಪರ್‌ವೈಸರ್ ನೀರು ಮುಟ್ಟದೆ, ಜೊಲ್ಲು ಸುರಿಸುತ್ತಾ ಮೂಲೆ ಸೇರಿದಾಗ ಅಕ್ಕ ಬಟ್ಟಲು ಹಿಡಿದು ಹತ್ತಿರ ಹೋದಳು. ಹತ್ತು ವರ್ಷ ಅವಳ ಕೈಯಲ್ಲಿ ತಿಂದ ಬಾಯಿ ಅದೇ ಕೈಯನ್ನು ಕಚ್ಚಿತು. ಗಾಯ ಚಿಕ್ಕದು. ಆಸ್ಪತ್ರೆಗೆ ನಡಿ ಅಂದರೆ, "ಹೋಗೋ, ಲಸಿಕೆ ಹಾಕಿರೋ ನಾಯಿ ಅದು, ಬೆನ್ನ ಮೇಲೆ ಗುರುತಿಲ್ವಾ?" ಎಂದು ನನ್ನನ್ನೇ ಗದರಿದಳು. ಬೈದು ಎಳೆದುಕೊಂಡು ಹೋದೆ. ಅಲ್ಲಿಯೂ ಅದೇ ಹಾಡು ಹಾಡಿದಳು. ನರ್ಸ್ ಒಳ್ಳೆಯವಳು, "ನಾಯಿ ಬೆನ್ನಿಗೆ ಬಣ್ಣ ಇದ್ರೆ ನಿಮ್ಮ ಕೈಗೇನಾಯ್ತಮ್ಮ? ಸುಮ್ನೆ ಕೂತ್ಕೊಳ್ಳಿ" ಎಂದು ತೋಳು ಹಿಡಿದು ಸೂಜಿ ಚುಚ್ಚಿಯೇಬಿಟ್ಟಳು. ಆ ನರ್ಸ್ ಬಾಯಿ ಜೋರಿಲ್ಲದವಳಾಗಿದ್ದರೆ ಏನಾಗುತ್ತಿತ್ತು ಸ್ವಾಮಿ? ನಿಮ್ಮ ಹಸಿರನ್ನು ನಂಬಿ ನನ್ನ ಅಕ್ಕ ಮನೆಗೆ ವಾಪಸು ಬರುತ್ತಿದ್ದಳು.

ನಾಯಿ ಸತ್ತ ಮೇಲೆ ಪಶುವೈದ್ಯರು ಪರೀಕ್ಷೆ ಮಾಡಿಸಿ ರೇಬೀಸೇ ಎಂದರು. ನಾನು ನಿಮ್ಮ ಕಚೇರಿಗೆ ಓಡಿದೆ. ನೀವೂ ಸೂಪರ್‌ವೈಸರೂ ಕೂತಿರುವ ಆ ಫೋಟೊದ ಕೆಳಗೇ ನಿಮ್ಮ ಸಹಾಯಕರ ಮೇಜು. ಅವರು ಎಲ್ಲ ಕೇಳಿಸಿಕೊಂಡು, "ನಮ್ಮ ಗುರುತಿರೋ ನಾಯಿಗೆ ರೇಬೀಸ್ ಬರೋಕೆ ಸಾಧ್ಯ ಇಲ್ಲ" ಎಂದರು. ಅದು ಗುರುತಲ್ಲ, ನಿಮ್ಮ ಕಿಟಕಿಯ ಬಣ್ಣ ಎಂದೆ. ಸ್ವಲ್ಪ ಯೋಚಿಸಿ, "ಹಾಗಾದ್ರೆ ನೀವು ನಮ್ಮ ಗುರುತನ್ನ ನಕಲು ಮಾಡಿದ್ದೀರಿ. ಅದು ತಪ್ಪಾಗುತ್ತೆ" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇಲ್ಲಿ ನೆಲಕ್ಕೆ ಗಾರೆ ಹಾಕಿದವನೇ ಅಪರಾಧಿ. ಗೋಡೆಗೂ ನಾಯಿಗೂ ಒಂದೇ ಬಣ್ಣ ಇರಲಿ ಎಂದವರು ಯಾರು? ಬೆನ್ನು ನೋಡಿದರೆ ಸಾಕು, ಸೂಜಿ ಯಾರು ಹಾಕಿದರು ಎಂದು ಕೇಳುವುದು ಬೇಡ ಎಂದು ಆ ಹುಡುಗರಿಗೆ ಕಲಿಸಿದವರು ಯಾರು?

ನಿಮ್ಮ ನಿಧಿ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಬೀದಿಯಲ್ಲಿ ಅತ್ತೆ ಎಂಬ ಬಿಳಿ ಹೆಣ್ಣುನಾಯಿ ಇದೆ, ಹೋಗಿ ಬರುವವರನ್ನೆಲ್ಲ ಗದರುವುದಕ್ಕೆ ಬಂದ ಹೆಸರು. ಗಾಡಿ ಹಾಯ್ದು ಅದರ ಕಾಲು ಮುರಿದಾಗ ಜೋಡಿಸಿ ಕಳಿಸಿದ್ದು ನಿಮ್ಮ ವೈದ್ಯರೇ, ಆ ಖರ್ಚು ನಿಮ್ಮ ದಾನಿಗಳದೇ. ಅವರ ಕೈಗೆ ನಮಸ್ಕಾರ. ಈ ಪತ್ರ ಓದಿ ಯಾರೂ ಡಬ್ಬಿಗೆ ಹಾಕುವುದನ್ನು ನಿಲ್ಲಿಸಬೇಡಿ, ಹಾಕಿದ್ದು ಎಲ್ಲಿ ಹೋಯಿತು ಎಂದು ಕೇಳುವುದನ್ನು ಮಾತ್ರ ಶುರುಮಾಡಿ. ಜನ ಕೊಡುವುದು ನಾಯಿಯ ಮೈಯೊಳಗೆ ಮದ್ದು ಹೋಗಲಿ ಎಂದು. ಮೈಯೊಳಗಿನ ಮದ್ದು ಫೋಟೊದಲ್ಲಿ ಕಾಣುವುದಿಲ್ಲ, ಬೆನ್ನಿನ ಬಣ್ಣ ಕಾಣುತ್ತದೆ. ಹಾಗಾಗಿ ನೀವು ಬಣ್ಣ ಎಣಿಸಿದಿರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಿಮ್ಮ ಕಚೇರಿಯನ್ನು ನೋಡಿದ ಮೇಲೆ ನನಗೆ ಚೆನ್ನಾಗಿ ಅರ್ಥವಾಯಿತು.

ಸೂಪರ್‌ವೈಸರ್ ಕೊನೆಯ ದಿನಗಳಲ್ಲಿ ಈ ಅತ್ತೆಯ ಮೇಲೂ ಎರಗಿತ್ತು. ಅದರ ಬೆನ್ನಲ್ಲೂ ಹಸಿರಿದೆ. ನಿಮ್ಮದೋ ನನ್ನದೋ, ಯಾರಿಗೂ ಗೊತ್ತಿಲ್ಲ. ಕಾಲು ಜೋಡಿಸಿಕೊಂಡು ಬಂದಾಗಿನಿಂದ ಅದು ಯಾರನ್ನೂ ಮುಟ್ಟಗೊಡುವುದಿಲ್ಲ. ಅದನ್ನೂ ಉಳಿದವನ್ನೂ ಹಿಡಿಯಲು ಬಲೆ ಬೇಕು, ಬಲೆ ಹಿಡಿಯಲು ಬರುವವರು ಬೇಕು. ಎರಡೂ ಇರುವುದು ನಿಮ್ಮ ಬಳಿ. ಬೀದಿಯ ಜನರಿಗೆ ಈಗ ಭಯ. ನಿಮ್ಮ ಡಬ್ಬಿ ಇಟ್ಟುಕೊಂಡಿರುವ ಬ್ರೆಡ್ ಅಂಗಡಿಯವನೇ ಮೊನ್ನೆ ನನ್ನ ಮುಖ ನೋಡದೆ ಹೇಳಿದ, "ಅಣ್ಣಾ, ಸೂಜಿ ಬರಲ್ಲ ಅಂದ್ರೆ ಬ್ರೆಡ್ಡಲ್ಲಿ ಬೇರೆದು ಹಾಕ್ಬೇಕಾಗುತ್ತೆ. ನನಗೂ ಮಕ್ಕಳಿದ್ದಾರೆ." ಅವನು ಕೆಟ್ಟವನಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಭಿಕ್ಷೆಯಲ್ಲ. ಈ ವಾರವೇ ನಿಮ್ಮ ತಂಡವನ್ನು ಕಳಿಸಿ. ಬೆನ್ನು ನೋಡದೆ ಪ್ರತಿಯೊಂದು ನಾಯಿಗೂ ಲಸಿಕೆ ಹಾಕಿಸಿ. ಸತ್ತ ನಾಯಿಯನ್ನು ಸುರಕ್ಷಿತ ನಾಯಿಗಳ ಲೆಕ್ಕದಿಂದ ತೆಗೆಯಿರಿ. ಗುರುತಿಗೆ ಬೇರೆ ಬಣ್ಣ ಆರಿಸಿ, ಅದರಲ್ಲಿ ಕರುಣೆ ಕಾಣದಿದ್ದರೂ ಚಿಂತೆಯಿಲ್ಲ.

ಇನ್ನೊಂದು ಮಾತು. ವಾರ್ಷಿಕ ಸಭೆಗೆ ದಾನಿಗಳು ಬರುತ್ತಾರೆಂದು ನಿಮ್ಮ ಕಾಂಪೌಂಡಿನ ಮೇಲೆ "ಇಲ್ಲಿನ ಪ್ರತಿಯೊಂದು ಬೀದಿನಾಯಿಯೂ ಸುರಕ್ಷಿತ" ಎಂದು ದೊಡ್ಡಕ್ಷರದಲ್ಲಿ ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದ್ದಿರಿ. ಗೋಡೆ ಉಜ್ಜಿ, ಬಿಳಿ ಹೊಡೆದು ಬಿಟ್ಟಿದ್ದೇನೆ. ಹಸಿರು ಕಲಸಿಟ್ಟಿದ್ದೇನೆ, ಡಬ್ಬಿಯ ಮುಚ್ಚಳ ತೆಗೆದಿಲ್ಲ. ಅತ್ತೆಗೆ ಸೂಜಿ ಬಿದ್ದ ದಿನ ಬಂದು ಬರೆಯುತ್ತೇನೆ. ಅಲ್ಲಿಯವರೆಗೆ ನಿಮ್ಮ ದಾನಿಗಳು ಆ ಬಿಳಿ ಗೋಡೆಯನ್ನೇ ಓದಿಕೊಳ್ಳಲಿ.

ಇಂತಿ,
ಏಣಿಯ ಕೆಳಗೆ ನೋಡುವವರಿಲ್ಲದೆ ಕೈ ನಿಂತಿರುವ
ನಿಮ್ಮ ಪೇಂಟರ್