ಇಪ್ಪತ್ತೊಂದು ಅಂತ ಹಾಕಿ

ಪ್ರೀತಿಯ ಅಳಿಯಂದಿರಿಗೆ,

ನಾನು ದಾರಿ ತಪ್ಪಿದೆನೆಂದು ಮಗಳು ಹೆದರಿದ ಮೇಲೆ ನೀವು ಬಾಗಿಲಿಗೆ ಹಾಕಿದ ಕಂಪ್ಯೂಟರ್ ಬೀಗ ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ ಚೆನ್ನಾಗಿಯೇ ತೆರೆಯುತ್ತಿದೆ. ರಾತ್ರಿ ಎಂಟಕ್ಕೆ ಮಾತ್ರ ಇಲ್ಲ. "ಎಂಟರಿಂದ ಇಪ್ಪತ್ತರವರೆಗೆ, ಅಂದ್ರೆ ರಾತ್ರಿ ಎಂಟರವರೆಗೆ, ನಾಲ್ಕು ಗಂಟೆಗೊಮ್ಮೆ ತೆರೆಯೋ ಹಾಗೆ ತುಂಬಿಸಿದೀನಿ ಮಾವ, ತಪ್ಪೋದಿಲ್ಲ" ಅಂದಿದ್ದಿರಿ. ಇದನ್ನು ಹೇಳಿದರೆ ಎದುರುಮನೆಯ ಲೆಕ್ಕದ ಮೇಷ್ಟ್ರು ಕಿಟಕಿಯಾಚೆ ನಿಂತು ಕೇಳಿ ನಕ್ಕರು: "ಅಯ್ಯೋ ಯಜಮಾನ್ರೇ, ಆ ಪ್ರೋಗ್ರಾಂ ಕೊನೇ ಸಂಖ್ಯೆನ ಬಿಟ್ಟುಬಿಡುತ್ತೆ. ಇಪ್ಪತ್ತೊಂದು ಅಂತ ಹಾಕಿಸಿ, ಇಪ್ಪತ್ತು ತಾನಾಗೇ ಬರುತ್ತೆ." ನಮ್ಮ ಕಾಲೇಜಿನಲ್ಲಿ 'ಅಪ್ ಟು' ಅಂದರೆ ಅದೂ ಸೇರಿ, 'ಇನ್‌ಕ್ಲೂಸಿವ್' ಅಂತೇನೋ ಹೇಳಿಕೊಟ್ಟಿದ್ದರು, ಹೋಗಲಿ ಬಿಡಿ.

ಅಂದು ನಾನು ದಾರಿ ತಪ್ಪಿರಲಿಲ್ಲ. ನಿಮ್ಮತ್ತೆ ತೀರಿಕೊಂಡ ಆಸ್ಪತ್ರೆ ವಾರ್ಡಿನಲ್ಲಿ ರೋಗಿಗಳನ್ನು ನೋಡಲು ಬಿಡುವುದು ರಾತ್ರಿ ಎಂಟು ಗಂಟೆಗೇ. ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ, ಅಷ್ಟೇ. ಮಗಳಿಗೆ ಹೇಳಬೇಡಿ, ಅತ್ತುಬಿಡುತ್ತಾಳೆ.

ಕೈತಪ್ಪಿನಿಂದ ಆಗಿದ್ದರೆ ಒಂದು ಅಂಕಿ ತಿದ್ದಿದರೆ ಸಾಕು. ತಿಳಿದೇ ಬಿಟ್ಟಿದ್ದರೆ ಅದನ್ನೂ ಹೇಳಿಬಿಡಿ. ದಿನಾ ಏಳೂವರೆಗೆ ಶರ್ಟು ಬದಲಿಸುವುದನ್ನು ನಿಲ್ಲಿಸುತ್ತೇನೆ.

ಒಳಗಿನಿಂದ,
ನಿಮ್ಮ ಮಾವ