ಅಕ್ಕ ಹೇಳದೆ ಬಡಿಸಿದ್ದು

ರಾಯಚೂರು, ಹದಿಮೂರನೆಯ ತಿಂಗಳ ನಾಲ್ಕನೇ ದಿನ, 2219

ಹಿಂದಿನವರೇ,

ಹದಿಮೂರನೆಯ ತಿಂಗಳು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಶಾಲೆ, ಕಚೇರಿ ಎಲ್ಲಕ್ಕೂ ಬಾಗಿಲು ಹಾಕುವ ಕಡುಬಿಸಿಲಿನ ದಿನಗಳನ್ನು ಒಟ್ಟು ಮಾಡಿ ಬೇರೆಯೇ ತಿಂಗಳು ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಮನ್ನಿಸಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ಹುಲಿಗೆಮ್ಮ, ವಯಸ್ಸು ಮೂವತ್ತೊಂದು. ಆಟಿಸಂ ಎಂಬ ನಿಮ್ಮ ಮಾತು ನಮ್ಮಲ್ಲೂ ಉಳಿದಿದೆ. ನಾನು ಆ ಪೈಕಿ. ಹೊಟ್ಟೆಯೂ ಹುಟ್ಟಿದಾಗಿನಿಂದ ನೆಟ್ಟಗಿಲ್ಲ. ಬೇಳೆ ಉಂಡರೆ ಉಬ್ಬರ, ಗೋಧಿ ಉಂಡರೆ ನಾಲ್ಕು ದಿನ ಮಲಬದ್ಧತೆ. ಬದನೆಕಾಯಿಯ ಲೋಳೆ ನಾಲಿಗೆಗೆ ತಾಗಿದರೆ ಮೈಯೆಲ್ಲ ಮುದುಡುತ್ತದೆ. ನನಗೆ ಒಗ್ಗುವುದು ಅನ್ನ, ಮಜ್ಜಿಗೆ, ಉಪ್ಪು. ಮೂರು ಹೊತ್ತೂ ಅದೇ, ಅದೇ ಬಟ್ಟಲಲ್ಲಿ. ಜನ ನಗುತ್ತಾರೆ, ನಗಲಿ.

ನಮ್ಮಲ್ಲಿ ಮನೆಗೊಂದು ಒಲೆ ಇಲ್ಲ. ಓಣಿಗೊಂದು ‘ಕೂಡೊಲೆ’, ಎಲ್ಲರಿಗೂ ಅಲ್ಲೇ ಅಡುಗೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದಾದ್ದರಿಂದ ‘ಹೇಳಿಬಡಿಸು’ ಎಂಬ ಪದ್ಧತಿ ಇದೆ: ಬಡಿಸುವವರು ಬಟ್ಟಲಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಹೇಳಿದ ಮೇಲೆಯೇ ಉಣ್ಣುವವರು ಕೈಹಾಕಬೇಕು. ನನಗೆ ಬಡಿಸುವವಳು ನನ್ನ ಅಕ್ಕ ಅಮರಮ್ಮ. “ಅನ್ನ, ಮಜ್ಜಿಗಿ, ಉಪ್ಪ. ಮತ್ತೇನಿಲ್ಲ, ಉಣ್ಣವ್ವ” ಎನ್ನುತ್ತಿದ್ದಳು. ಆ ಮಾತು ಕೇಳಿದರೇ ನನಗೆ ಅರ್ಧ ಹೊಟ್ಟೆ ತುಂಬುತ್ತಿತ್ತು.

ಎರಡು ವರ್ಷದ ಹಿಂದೆ ನೋವು ಶುರುವಾಯಿತು. ಬಟ್ಟೆ ಹಿಂಡಿದ ಹಾಗೆ ಕರುಳು ಹಿಂಡುತ್ತಿತ್ತು. ನೆಲದ ಮೇಲೆ ಮುದುಡಿಕೊಂಡು ತಾಸುಗಟ್ಟಲೆ ಬಿದ್ದಿರುತ್ತಿದ್ದೆ. ಊಟದಲ್ಲಿ ಏನಾದರೂ ಬದಲಾಗಿದೆಯೇ ಎಂದು ವೈದ್ಯರು ಕೇಳಿದರು. ಇಲ್ಲ ಎಂದೆ. ಹಾಗಾದರೆ ಇದು ಹೊಟ್ಟೆಯದಲ್ಲ, ಆಟಿಸಂನ ಗಾಬರಿ ಎಂದು ಬರೆದುಕೊಟ್ಟರು. ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ತುಟಿ ಪಿಟಕ್ಕೆನ್ನಲಿಲ್ಲ. ಅಂದಿನಿಂದ ನಾನು ನೋವೆಂದರೆ ಎಲ್ಲರೂ ತಲೆ ಸವರುತ್ತಿದ್ದರು. ಹೊಟ್ಟೆ ಮುಟ್ಟಿ ನೋಡಿದವರಿಲ್ಲ.

ಹೋದ ತಿಂಗಳು ಅಕ್ಕನಿಗೆ ಜ್ವರ ಬಂತು. ಅವಳ ಬದಲಿಗೆ ನಮ್ಮ ಓಣಿಯ ಖಾಸಿಂಬಿ ಬಡಿಸಲು ಬಂದಳು. ಅಕ್ಕ ಬರೆದು ಕಳಿಸಿದ ಚೀಟಿ ಕೈಯಲ್ಲಿತ್ತು. ಪದ್ಧತಿಯಂತೆ ಗಟ್ಟಿಯಾಗಿ ಓದಿದಳು: “ಅನ್ನ, ಮಜ್ಜಿಗಿ, ಉಪ್ಪ, ಹೆಪ್ಪುಪುಡಿ ಒಂದ್ ಚಮಚ.” ಕರುಳಲ್ಲಿ ಹೊಸ ಸೂಕ್ಷ್ಮಜೀವಿಗಳನ್ನು ಬೆಳೆಸುವ ಪುಡಿ ಅದು, ತಿಂದರೆ ಎಲ್ಲ ಊಟವೂ ಒಗ್ಗುತ್ತದೆ ಎಂದು ಮಾರುತ್ತಾರೆ. ಜ್ವರದಲ್ಲೂ ಪುಡಿ ತಪ್ಪಬಾರದೆಂದು ಬರೆದ ಅಕ್ಕ, ಅದನ್ನು ಓದಬೇಡ ಎಂದು ಬರೆಯಲು ಮರೆತಿದ್ದಳು.

ಎರಡು ವರ್ಷದಿಂದ ಇದನ್ನೇ ಹಾಕುತ್ತಿದ್ದೆಯಾ ಎಂದು ಹೋಗಿ ಕೇಳಿದೆ. ಅಕ್ಕ, “ನಿನ್ ಒಳ್ಳೇದಕ್ಕ ಹಾಕೀನವ್ವ. ನಾಕ್ ಮಂದಿ ಹಂಗ ನೀನೂ ಎಲ್ಲಾ ಉಣ್ಣಲಿ ಅಂತ” ಎಂದು ಅತ್ತಳು. ಅಯ್ಯೋ ಅಕ್ಕಾ! ಪುಡಿ ಹಾಕಿದ್ದನ್ನಾದರೂ ನುಂಗಿಕೊಳ್ಳಬಹುದಿತ್ತು. ವೈದ್ಯರ ಮುಂದೆ ನನ್ನ ನೋವನ್ನೇ ಸುಳ್ಳು ಮಾಡಿ ಸುಮ್ಮನೆ ಕೂತೆಯಲ್ಲ, ನಿನಗೆ ಹೇಗೆ ಮನಸ್ಸು ಬಂತು?

ಪುಡಿ ಬಿಟ್ಟ ಹತ್ತನೇ ದಿನಕ್ಕೆ ನೋವು ನಿಂತಿತು. ಊಟ ಮಾತ್ರ ಇಳಿಯುತ್ತಿಲ್ಲ. ಅಕ್ಕ ಈಗ ನಿಜವನ್ನೇ ಹೇಳಿ ಬಡಿಸುತ್ತಾಳೆ, ನನಗೆ ಗೊತ್ತು. ಆದರೂ ಕೈ ಮುಂದೆ ಹೋಗುವುದಿಲ್ಲ.

ನಿಮ್ಮ ಕಾಲದಲ್ಲಿ ಬಾಳೆಹಣ್ಣಿನೊಳಗೆ ಗುಳಿಗೆ ಅಡಗಿಸಿ ಮಕ್ಕಳಿಗೆ ತಿನ್ನಿಸುತ್ತಿದ್ದರಂತೆ. ನಿಮ್ಮ ಮನೆಯಲ್ಲಿ ನನ್ನಂಥ ಮಗು ಇದ್ದರೆ ಹಾಗೆ ಮಾಡಬೇಡಿ. ಹೊಟ್ಟೆ ನೋವೆಂದರೆ ಹೊಟ್ಟೆ ನೋಡಿ. ಏನೇ ಹಾಕಿದರೂ ಹೇಳಿ ಹಾಕಿ. ಬೇಡವೆಂದರೆ ಬಿಡಿ, ಇನ್ನೊಂದು ದಿನ ಕೇಳಿ.

ಅಕ್ಕ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದಾಳೆ. ನನಗೆ ತುಂಬ ಹಸಿವಾಗಿದೆ.

ಹುಲಿಗೆಮ್ಮ